ಎಂಟರಲ್ಲಿ ಮೂರನೆಯ ಚಿಪ್

ಮೊದಲ ಮಹಡಿಯ ಆ ಮನೆಯ ಬೀಗದ ಕೈಯನ್ನು ನನಗೆ ತಂದುಕೊಟ್ಟವನು ನಮ್ಮ ಕಟ್ಟಡದ ಯಜಮಾನ. "ಸಿಸ್ಟರ್, ನೀವು ಇಡೀ ದಿನ ಮನೆಯಲ್ಲೇ ಇರ್ತೀರಿ. ಅತ್ತೆ ಬಿದ್ದರೆ, ಕೂಗಿದರೆ ಬಂದು ಬಾಗಿಲು ತೆಗೆಯಿರಿ. ವಾಪಸು ಹೋಗುವಾಗ ಹೊರಗಿಂದ ಬೀಗ ಹಾಕಲು ಮಾತ್ರ ಮರೆಯಬೇಡಿ" ಎಂದು ಹಿಂದಿಯಲ್ಲಿ ಹೇಳಿದ. ಇಡೀ ದಿನ ಮನೆಯಲ್ಲೇ ಇರುತ್ತೀರಿ ಎಂಬ ಮಾತು ಎಲ್ಲೋ ಚುಚ್ಚಿತು. ಆದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬಹರೈನಿನ ಗುದೈಬಿಯಾದ ಆ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನಾವಿದ್ದೆವು. ಗಂಡ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ಪಾಳಿ, ಆಗ ಹಗಲೆಲ್ಲ ನಿದ್ದೆ. ಮಗಳು ಬೆಳಿಗ್ಗೆ ಶಾಲೆಯ ಬಸ್ಸು ಹತ್ತಿದರೆ ಎರಡು ಗಂಟೆಯವರೆಗೆ ಮನೆಯಲ್ಲಿ ಎಚ್ಚರವಿರುವವಳು ನಾನೊಬ್ಬಳೇ. ನಮ್ಮ ಅಡುಗೆಮನೆಯ ಕಿಟಕಿ ಕಟ್ಟಡದ ನಡುವಿನ ಬಾವಿಯಂಥ ಸಂದಿಗೆ ತೆರೆದುಕೊಳ್ಳುತ್ತಿತ್ತು. ಎದುರು ಮನೆಗಳ ಏಸಿ ಯಂತ್ರಗಳ ಬೆನ್ನು, ತೊಟ್ಟಿಕ್ಕುವ ನೀರು, ಪಾರಿವಾಳದ ಹಿಕ್ಕೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆರು ವರ್ಷ ಅದನ್ನೇ ನೋಡಿದ್ದೆ. ನಾನು ಗಂಡನ ಹೆಸರಿನ ಮೇಲೆ ಬಂದವಳು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ.

ಊರಿನಲ್ಲಿ ನಾನು ಮಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದೆ. ಮದುವೆಗೆ ಮೊದಲು ನಾಲ್ಕು ವರ್ಷ ಬೈಕಂಪಾಡಿಯಲ್ಲಿ ಯುಪಿಎಸ್ ತಯಾರಿಸುವ ಒಂದು ಕಂಪೆನಿಯಲ್ಲಿದ್ದೆ. ಕೆಟ್ಟ ಬೋರ್ಡುಗಳನ್ನು ಪರೀಕ್ಷಿಸಿ ರೋಗ ಹುಡುಕುವುದು ನನ್ನ ಕೆಲಸ. ಬಹರೈನಿಗೆ ಬರುವಾಗ ಸೀರೆಗಳ ನಡುವೆ ಮಲ್ಟಿಮೀಟರನ್ನೂ ಇಟ್ಟುಕೊಂಡು ಬಂದಿದ್ದೆ. ಅದನ್ನು ನೋಡಿ ಗಂಡ ನಕ್ಕಿದ್ದರು. ಬಂದ ಮೇಲೆ ಅದರಿಂದ ನಾನು ಪರೀಕ್ಷಿಸಿದ್ದು ರಿಮೋಟಿನ ಸೆಲ್ಲುಗಳನ್ನು ಮಾತ್ರ.

ಯಜಮಾನನ ಆ ಸೋದರತ್ತೆಯನ್ನು ಕಟ್ಟಡದವರೆಲ್ಲ ಅಬ್ಲಾ ಎಂದೇ ಕರೆಯುತ್ತಿದ್ದರು. ಇಲ್ಲಿ ಮಕ್ಕಳು ಟೀಚರಮ್ಮನನ್ನು ಕರೆಯುವುದು ಹಾಗೆ. ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗಿಯರ ಶಾಲೆಯಲ್ಲಿ ಗಣಿತ ಕಲಿಸಿದವರು. ಮದುವೆಯಾಗಿರಲಿಲ್ಲ. ಹಿಂದಿನ ವರ್ಷ ಪಾರ್ಶ್ವವಾಯು ಬಡಿದು ಎಡಗೈ ಸೋತಿತ್ತು, ಎಡಗಾಲು ಎಳೆಯುತ್ತಿತ್ತು. ಬೆಳಿಗ್ಗೆ ಒಬ್ಬಾಕೆ ಬಂದು ಸ್ನಾನ ಮಾಡಿಸಿ, ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಒಮ್ಮೆ ಅಬ್ಲಾ ಒಬ್ಬರೇ ಮೆಟ್ಟಿಲಿಳಿಯಲು ಹೋಗಿ ಬಿದ್ದರು. ಅಂದಿನಿಂದ ಹೊರಗಿನಿಂದ ಬೀಗ.

ಬೀಗದ ಕೈ ನನ್ನ ಹತ್ತಿರ ಬಂದು ಒಂದು ವಾರವೂ ಆಗಿರಲಿಲ್ಲ, ನೀರಿನ ಪೈಪಿಗೆ ಯಾರೋ ಕೋಲಿನಿಂದ ಬಡಿಯುವ ಸದ್ದು ಕೇಳಿತು. ಓಡಿ ಹೋಗಿ ಬಾಗಿಲು ತೆಗೆದೆ. ಅಬ್ಲಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ಬಿದ್ದಿಲ್ಲ" ಎಂದರು. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು, ನಡುನಡುವೆ ಇಂಗ್ಲಿಷೂ ಬರುತ್ತಿತ್ತು. "ಕಪಾಟಿನ ಮೇಲೊಂದು ಪೆಟ್ಟಿಗೆ ಇದೆ, ಬಿಂತಿ. ನನಗೆ ಹತ್ತಲಾಗುವುದಿಲ್ಲ. ಇಳಿಸಿಕೊಡು."

ಬಿಂತಿ ಎಂದರೆ ಮಗಳೇ ಎಂದು. ಪೆಟ್ಟಿಗೆ ಇಳಿಸಿದೆ. ಒಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಕೀಬೋರ್ಡು. ಉದ್ದಕ್ಕೆ ಹಿಡಿದರೆ ಮಗಳ ಡ್ರಾಯಿಂಗ್ ಪುಸ್ತಕದಷ್ಟು, ದಪ್ಪ ಎರಡು ಬೆರಳು. ಕೀಲಿಗಳ ಮೇಲೆ ಇಂಗ್ಲಿಷಿನ ಪಕ್ಕ ಅರಬ್ಬಿ ಅಕ್ಷರಗಳು.

"ಇದರ ಕಂಪ್ಯೂಟರ್ ಎಲ್ಲಿ?" ಎಂದು ಕೇಳಿದೆ.

"ನಿನ್ನ ಕೈಯಲ್ಲಿದೆ" ಎಂದು ಅಬ್ಲಾ ನಕ್ಕರು. ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ ಕುವೈತಿನಲ್ಲಿದ್ದ ಅಣ್ಣನಿಂದ ತರಿಸಿಕೊಂಡದ್ದಂತೆ. ಟೀವಿಗೆ ಜೋಡಿಸಬೇಕು, ಪ್ರೋಗ್ರಾಮುಗಳನ್ನು ಕ್ಯಾಸೆಟ್ಟಿನಲ್ಲಿ ಉಳಿಸಬೇಕು. ಶಾಲೆಯಲ್ಲಿ ಒಂದೂ ಕಂಪ್ಯೂಟರ್ ಇಲ್ಲದಿದ್ದ ಕಾಲದಲ್ಲಿ ಅವರು ಮನೆಯಲ್ಲಿ ಕೂತು ತಾವೇ ಕಲಿತಿದ್ದರು. "ಇಪ್ಪತ್ತು ವರ್ಷದಿಂದ ಹತ್ತಿಲ್ಲ. ಈಗ ನನಗೆ ಹೊತ್ತು ಹೋಗುವುದಿಲ್ಲ. ರಿಪೇರಿಗೆ ಕೊಡು ಅಂದರೆ ಸೋದರಳಿಯ ಹೊಸ ಟ್ಯಾಬ್ಲೆಟ್ ತಂದುಕೊಟ್ಟ."

ನಾನು ಹೆಚ್ಚು ಯೋಚಿಸದೆ, "ನಾನು ನೋಡಲೇ?" ಎಂದೆ.

ಮರುದಿನ ಮಲ್ಟಿಮೀಟರು, ಸ್ಕ್ರೂಡ್ರೈವರ್ ಹಿಡಿದುಕೊಂಡು ಕೆಳಗೆ ಹೋದೆ. ಅಡಿಯ ಐದು ಸ್ಕ್ರೂ ತೆಗೆದು, ಮೇಲಿನ ಹೊದಿಕೆಯನ್ನು ಪುಸ್ತಕ ತೆರೆದಂತೆ ತೆರೆದೆ. ಕೀಬೋರ್ಡಿನಿಂದ ಪ್ಲಾಸ್ಟಿಕ್ಕಿನ ಎರಡು ತೆಳು ಪಟ್ಟಿಗಳು ಬೋರ್ಡಿಗೆ ಹೋಗಿದ್ದವು. ಅವುಗಳ ಕೆಳಗೆ ಇಡೀ ಕಂಪ್ಯೂಟರು ಒಂದೇ ಬೋರ್ಡಿನ ಮೇಲೆ ಮಲಗಿತ್ತು. ಫ್ಯಾನ್ ಇಲ್ಲ, ತಂತಿಗಳ ಗೊಂಡೆಯಿಲ್ಲ. ಬಿಸಿಯನ್ನೆಲ್ಲ ಹೀರಲು ಮೂಲೆಯಲ್ಲಿ ಬಾಗಿಸಿದ ಒಂದು ಅಲ್ಯೂಮಿನಿಯಂ ತಗಡು. ಟೀವಿಗೆ ಚಿತ್ರ ಕಳುಹಿಸುವ ಭಾಗವನ್ನು ಬೆಂಕಿಪೊಟ್ಟಣದಷ್ಟು ದೊಡ್ಡ ತವರದ ಡಬ್ಬಿಯಲ್ಲಿ ಮುಚ್ಚಿದ್ದರು.

ನಾನು ಎಷ್ಟೋ ಹೊತ್ತು ಸುಮ್ಮನೆ ನೋಡುತ್ತ ಕೂತೆ. ಅದನ್ನು ಮಾಡಿದವರು ಒಂದೊಂದು ಚಿಪ್ ಉಳಿಸಲು ಎಷ್ಟು ತಲೆ ಓಡಿಸಿದ್ದಾರೆಂದು ಕಾಣುತ್ತಿತ್ತು. ನಡುವೆ ಒಂದು ದೊಡ್ಡ ಚಿಪ್ ಇತ್ತು. ಬೇರೆ ಯಂತ್ರಗಳಲ್ಲಿ ಹತ್ತಾರು ಚಿಪ್‌ಗಳು ಹಂಚಿಕೊಂಡು ಮಾಡುವ ಕೆಲಸವನ್ನು ಇಲ್ಲಿ ಅದೊಂದೇ ಮಾಡುತ್ತಿತ್ತು: ಪರದೆಯ ಚಿತ್ರ ಬಿಡಿಸುವುದು, ಕೀಲಿ ಒತ್ತಿದ್ದನ್ನು ಓದುವುದು, ಕ್ಯಾಸೆಟ್ಟಿನ ಸದ್ದನ್ನು ಕೇಳುವುದು. ಲೆಕ್ಕ ಮಾಡುವ ಮುಖ್ಯ ಚಿಪ್ ಕೂಡ ಅದಕ್ಕೆ ದಾರಿ ಬಿಟ್ಟು ಕಾಯಬೇಕು. ಚಿತ್ರ ಬಿಡಿಸುವಾಗ ನೆನಪಿನ ಚಿಪ್‌ಗಳು ಅದರ ವಶ. ಆ ನೆನಪಿನ ಚಿಪ್‌ಗಳು ಒಂದು ಸಾಲಿನಲ್ಲಿ ಎಂಟು. ಒಂದು ಅಕ್ಷರವನ್ನು ಎಂಟು ಚೂರು ಮಾಡಿ, ಒಂದೊಂದು ಚಿಪ್ ಒಂದೊಂದು ಚೂರನ್ನು ಇಟ್ಟುಕೊಳ್ಳುತ್ತದೆ. ಎಂಟೂ ಸರಿಯಿದ್ದರೆ ಮಾತ್ರ ಅಕ್ಷರ ಅಕ್ಷರವಾಗುತ್ತದೆ.

"ಏನು ಕಾಣುತ್ತದೆ?" ಎಂದು ಅಬ್ಲಾ ಕೇಳಿದರು. ನಾನು ಹೇಳಿದೆ. ಗಣಿತದ ಟೀಚರಿಗೆ ಎಂಟು ಚೂರಿನ ಮಾತು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಅದರ ಅಡಾಪ್ಟರ್ ಸತ್ತಿತ್ತು. ನಮ್ಮ ಕೆಳಗಿನ ಮೊಬೈಲ್ ಅಂಗಡಿಯಲ್ಲಿ ಹೊಂದುವ ಇನ್ನೊಂದು ಸಿಕ್ಕಿತು. ಒಣಗಿದ ಕೆಪಾಸಿಟರ್‌ಗಳನ್ನು ಬದಲಿಸಲು ಒಂದು ಸೋಲ್ಡರಿಂಗ್ ಐರನ್ ಕೊಂಡೆ. ತವರದ ಡಬ್ಬಿಯನ್ನು ಬಿಟ್ಟು, ಚಿತ್ರದ ತಂತಿಯನ್ನು ನೇರವಾಗಿ ಟೀವಿಯ ಹಳದಿ ತೂತಿಗೆ ತಂದೆ. ಎರಡು ವಾರ ಹಿಡಿಯಿತು. ದಿನವೂ ಮಗಳು ಬರುವ ಮೊದಲು ಮೇಲೆ ಬರುತ್ತಿದ್ದೆ. ಬರುವಾಗ ದಿನವೂ ಬಾಗಿಲೆಳೆದು ಬೀಗ ಹಾಕುತ್ತಿದ್ದೆ.

ಒಂದು ದಿನ ಅಬ್ಲಾ ಬಾಗಿಲವರೆಗೂ ಕೋಲೂರಿಕೊಂಡು ಬಂದರು.

"ಇವತ್ತು ಬೀಗ ಹಾಕಬೇಡ."

"ನೀವು ಮೆಟ್ಟಿಲಿಳಿದು ಬಿದ್ದರೆ?"

"ಇಳಿಯುವುದಿಲ್ಲ. ಬಾಗಿಲು ತೆಗೆಯಬಹುದು ಅಂತ ಗೊತ್ತಿದ್ದರೆ ಸಾಕು ನನಗೆ."

ಯಜಮಾನನ ಮುಖ ನೆನಪಾಯಿತು, ಗಂಡನ ಮುಖವೂ. ಕೊನೆಗೆ "ಮಾಫ್ ಮಾಡಿ ಅಬ್ಲಾ" ಎಂದು ಬಾಗಿಲೆಳೆದುಕೊಂಡೆ. ಬೀಗದ ಕೈ ತಿರುಗಿಸುವಾಗ ಅವರು ಆ ಕಡೆ ಬಾಗಿಲಿಗೆ ಅಷ್ಟು ಹತ್ತಿರ ನಿಂತಿದ್ದರು, ಉಸಿರು ಕೇಳುತ್ತಿತ್ತು. ಮೆಟ್ಟಿಲು ಹತ್ತುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಮರುದಿನ ಅವರು ಆ ಮಾತೆತ್ತಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಮೊದಲ ಸಲ ಕರೆಂಟು ಕೊಟ್ಟ ದಿನ ಟೀವಿಯ ಮೇಲೆ ಅಕ್ಷರ ಬರಲಿಲ್ಲ. ಬಿಳಿ ಪರದೆಯ ತುಂಬ ನೆಟ್ಟನೆಯ ಕಪ್ಪು ಗೆರೆಗಳು, ಒಂದರ ಪಕ್ಕ ಒಂದು, ಎಲ್ಲ ಒಂದೇ ಅಂತರದಲ್ಲಿ. ಪರದೆ ನನಗೆ ಜೈಲಿನ ಕಂಬಿಗಳಂತೆ ಕಂಡಿತು. ಅಬ್ಲಾರಿಗೆ ಹಾಗೆ ಕಾಣಲಿಲ್ಲ. ಅವರು ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆಸಿಕೊಂಡು, ಕನ್ನಡಕ ಏರಿಸಿ, ಬಲಗೈ ಬೆರಳಿಟ್ಟು ಚುಕ್ಕೆ ಎಣಿಸತೊಡಗಿದರು.

"ಎಂಟು ಚುಕ್ಕೆಗೆ ಒಂದು ಗೆರೆ. ಎಂಟರಲ್ಲಿ ಮೂರನೆಯದು" ಎಂದರು.

ಎಂಟು ಚಿಪ್‌ಗಳಲ್ಲಿ ಒಂದು ಸತ್ತಿದೆ ಎಂದರ್ಥ. ನಾನು ಸಾಲಿನ ಮೇಲೆ ಬೆರಳಾಡಿಸಿದೆ. ಮೂರನೆಯದು ಬೆರಳು ಇಡಲಾಗದಷ್ಟು ಸುಡುತ್ತಿತ್ತು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ನಾನು ನಕ್ಕೆ, ಅಬ್ಲಾ ಕೂಡ ನಕ್ಕರು. ಒಂದು ರೋಗವನ್ನು ಹೀಗೆ ಹಿಡಿದು ನನಗೆ ಹತ್ತು ವರ್ಷವೇ ಆಗಿತ್ತು.

ಅಂಥ ಹಳೆಯ ಚಿಪ್ ಅಂಗಡಿಯಲ್ಲಿ ಸಿಗುವುದಿಲ್ಲ. ಸಲ್ಮಾಬಾದಿನಲ್ಲಿ ಹಳೆಯ ಬೋರ್ಡು ರಿಪೇರಿ ಮಾಡುವ ನಮ್ಮೂರ ಕಡೆಯ ಬ್ಯಾರಿಯೊಬ್ಬರಿದ್ದಾರೆಂದು ಮೊಬೈಲ್ ಅಂಗಡಿಯವನು ಹೇಳಿದ. ಗಂಡನಿಗೆ ಹೇಳದೆ ಬಸ್ಸು ಹತ್ತಿದೆ. ಆರು ವರ್ಷಗಳಲ್ಲಿ ನಾನೊಬ್ಬಳೇ ಬಸ್ಸಿನಲ್ಲಿ ಕೂತದ್ದು ಅದೇ ಮೊದಲು. ಗೋದಾಮುಗಳು, ಟಯರು ರಾಶಿ, ಗಂಡಸರು, ಧೂಳು. ತಪ್ಪು ಕಡೆ ಇಳಿದು ಬಿಸಿಲಿನಲ್ಲಿ ಅರ್ಧ ಗಂಟೆ ನಡೆದೆ. ಯಾರಾದರೂ ತಡೆದು ಇಲ್ಲೇನು ಮಾಡುತ್ತಿದ್ದೀ ಎಂದು ಕೇಳಿದರೆ ಹೇಳಬೇಕಾದ ಉತ್ತರವನ್ನು ಹಿಂದಿಯಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಯಾರೂ ಕೇಳಲಿಲ್ಲ.

ವರ್ಕ್‌ಶಾಪಿನ ಒಳಗೆ ಏಸಿ ಬೋರ್ಡುಗಳ ಗುಡ್ಡದ ನಡುವೆ ಬಿಳಿ ಗಡ್ಡದ ಮುದುಕರು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಕನ್ನಡದಲ್ಲಿ ಮಾತಾಡಿಸಿದೆ.

"ಊರಲ್ಲಿ ಎಲ್ಲಿ ನಿಮ್ಮದು?"

"ಶಿರ್ವ, ಕಾಕಾ. ನೀವು?"

"ಉಳ್ಳಾಲ. ಎಂತ ಬೇಕಿತ್ತು?"

ಸತ್ತ ಚಿಪ್ ಬಿಚ್ಚಿ ಕಾಗದದಲ್ಲಿ ಸುತ್ತಿಕೊಂಡು ಹೋಗಿದ್ದೆ, ಮುಂದಿಟ್ಟೆ. ಕಾಕಾ ಅದನ್ನು ತಿರುಗಿಸಿ ನೋಡಿ, ಅದರ ಕಾಲುಗಳನ್ನು ಬೆಳಕಿಗೆ ಹಿಡಿದರು.

"ಇದನ್ನು ತೆಗೆದದ್ದು ಯಾರು?"

"ನಾನೇ."

"ಒಂದು ಕಾಲೂ ಮುರೀಲಿಲ್ಲ! ನಮ್ಮಲ್ಲಿ ಇರುವವರು ಹಲ್ಲು ಕಿತ್ತ ಹಾಗೆ ಕೀಳುದು." ಒಂದು ಡ್ರಾವರ್ ತುಂಬ ಹಳೆಯ ಗೇಮ್ ಯಂತ್ರಗಳಿಂದ ಬಿಚ್ಚಿಟ್ಟ ಚಿಪ್‌ಗಳಿದ್ದವು. ಹುಡುಕಿ ಎರಡು ಕೊಟ್ಟರು. "ನೇರ ಸೋಲ್ಡರ್ ಮಾಡ್ಬೇಡಿ ಆಯ್ತಾ. ಸಾಕೆಟ್ ಹಾಕಿ, ನಾಳೆ ಪುನಃ ಹೋದ್ರೆ ಎಳೆದು ಬದಲಿಸ್ಲಿಕ್ಕೆ ಆಗ್ತದೆ." ಸಾಕೆಟ್ಟನ್ನೂ ಅವರೇ ಕೊಟ್ಟರು. ಹೊರಡುವಾಗ, "ಕೆಲಸ ಮಾಡುವ ಮನಸ್ಸುಂಟಾ? ನಮ್ಮ ಅರ್ಬಾಬಿಗೆ ಹೇಳ್ತೇನೆ. ವೀಸಾ ಅವರೇ ಮಾಡ್ತಾರೆ" ಎಂದರು. ಅರ್ಬಾಬ್ ಎಂದರೆ ಅವರ ಅರಬ್ಬಿ ಧಣಿ. ನಾನು ನಕ್ಕು, "ನೋಡುವ ಕಾಕಾ" ಎಂದು ಹೊರಬಿದ್ದೆ. ಬಸ್ಸಿನಲ್ಲಿ ಪೂರ್ತಿ ಅದನ್ನೇ ಯೋಚಿಸುತ್ತಿದ್ದೆ.

ಚಿಪ್ ಕೂರಿಸಿದ ಮೇಲೆ ಗೆರೆಗಳು ಹೋದವು. ಪರದೆಯ ಕೆಳಗೆ ಒಂದು ಸಾಲು ಅಕ್ಷರ ಬಂದು ನಿಂತಿತು. ಆದರೆ ಒಂದು ಸಾಲು ಕೀಲಿಗಳು ಸತ್ತಿದ್ದವು. ಪ್ಲಾಸ್ಟಿಕ್ ಪಟ್ಟಿಯ ತುದಿ ಇಲ್ಲಿಯ ಸೆಕೆಗೆ ಗರಿಗರಿಯಾಗಿ ಸೀಳಿತ್ತು. ಸೀಳಿದ ತುದಿಯನ್ನು ಕತ್ತರಿಯಿಂದ ಒಂದಿಷ್ಟು ಕತ್ತರಿಸಿ, ಗಟ್ಟಿ ಭಾಗವನ್ನು ಮತ್ತೆ ಸಿಕ್ಕಿಸಿದೆ. ಅಬ್ಲಾ ಬಲಗೈಯ ಒಂದೇ ಬೆರಳಿನಿಂದ ಏನೋ ಒತ್ತಿದರು. ಎರಡು ಸಂಖ್ಯೆ ಕೂಡಿಸಿ ಉತ್ತರ ಬಂತು. ಅವರು ಆ ಉತ್ತರವನ್ನು ಎಷ್ಟು ಹೊತ್ತು ನೋಡಿದರೆಂದರೆ ನಾನು ಎದ್ದು ಚಹಾ ಮಾಡಿ ತಂದೆ.

ಅವರ ಹತ್ತಿರ ಉಳಿದಿದ್ದದ್ದು ಒಂದೇ ಕ್ಯಾಸೆಟ್ಟು. ಅದರಲ್ಲಿ ಅವರೇ ಬರೆದ ಪ್ರೋಗ್ರಾಮಿತ್ತು. ಅವರ ತಂದೆಗೆ ಬುದಯ್ಯಾ ಕಡೆಯ ಕಡಲಿನಲ್ಲಿ ಹದ್ರಾ ಇತ್ತು. ಅಂದರೆ ಆಳವಿಲ್ಲದ ನೀರಿನಲ್ಲಿ ಖರ್ಜೂರದ ಗರಿಯ ಕಡ್ಡಿಗಳನ್ನು ಬೇಲಿಯಂತೆ ನೆಟ್ಟು ಮಾಡಿದ ಮೀನಿನ ಬೋನು. ಭರತದಲ್ಲಿ ಒಳಗೆ ಬಂದ ಮೀನು ಇಳಿತದಲ್ಲಿ ಅಲ್ಲೇ ಉಳಿಯುತ್ತದೆ; ನೀರು ಇಳಿದ ಹೊತ್ತಿಗೆ ನಡೆದು ಹೋಗಿ ಹೆಕ್ಕಿ ತರಬೇಕು. ಚಂದ್ರನ ಲೆಕ್ಕ ಹಿಡಿದು ದಿನದ ಇಳಿತದ ಹೊತ್ತನ್ನು ಹೇಳುವ ಪ್ರೋಗ್ರಾಮನ್ನು ಅಬ್ಲಾ ಒಂದು ಬೇಸಿಗೆ ಕೂತು ಬರೆದಿದ್ದರು.

"ಅಪ್ಪ ಏನೆಂದರು?" ಎಂದು ಕೇಳಿದೆ.

"ನಿನ್ನ ಡಬ್ಬಿಗೆ ಗಾಳಿ ಗೊತ್ತಾ ಅಂತ ಕೇಳಿದ. ಉತ್ತರದ ಗಾಳಿ ಬೀಸಿದ ದಿನ ನನ್ನ ಲೆಕ್ಕ ತಪ್ಪುತ್ತಿತ್ತು. ಆ ದಿನ ಮನೆಗೆ ಬಂದು ನನ್ನನ್ನು ಕೆಣಕಲೆಂದೇ ಮೀನಿನ ಬುಟ್ಟಿಯನ್ನು ಕಂಪ್ಯೂಟರಿನ ಪಕ್ಕವೇ ಇಡುತ್ತಿದ್ದ."

ಕ್ಯಾಸೆಟ್ಟು ಕಿರುಚಿತು, ನಿಂತಿತು, ತಪ್ಪೆಂದಿತು. ಪ್ಲೇಯರಿನ ಸದ್ದು ಹೆಚ್ಚು ಕಡಿಮೆ ಮಾಡಿ, ಹೆಡ್ಡಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಮೂರು ದಿನ ಪ್ರಯತ್ನಿಸಿದ ಮೇಲೆ ಪ್ರೋಗ್ರಾಮು ಪೂರ್ತಿ ಬಂತು. ದಿನಾಂಕ ಕೇಳಿತು. ವರ್ಷದ ಕೊನೆಯ ಎರಡು ಅಂಕಿ ಒತ್ತಿದೆವು. ಅದು ಕೊಟ್ಟ ಹೊತ್ತಿಗೂ ನನ್ನ ಮೊಬೈಲಿನಲ್ಲಿದ್ದ ಹೊತ್ತಿಗೂ ಸಂಬಂಧವೇ ಇರಲಿಲ್ಲ. ನನಗೆ ನಿರಾಸೆಯಾಯಿತು. ಅಬ್ಲಾ ಕಣ್ಣು ಮುಚ್ಚಿ ಕೂತರು.

"ವರ್ಷಕ್ಕೆ ಸಾವಿರದ ಒಂಬೈನೂರು ಕೂಡಿಸಿದ್ದೇನೆ. ಅದು ನೂರು ವರ್ಷ ಹಿಂದಿನ ಸಮುದ್ರದ ಲೆಕ್ಕ ಹೇಳುತ್ತಿದೆ. ಆ ಸಾಲು ತೆಗೆ."

ಸಾಲು ತೆಗೆದು, ಅವರು ಹೇಳಿದಂತೆ ಎರಡು ಸಾವಿರ ಎಂದು ತಿದ್ದಿದೆ. ಈಗ ಎರಡೂ ಹೊತ್ತುಗಳ ನಡುವೆ ಕಾಲು ಗಂಟೆ ವ್ಯತ್ಯಾಸವಷ್ಟೇ. ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಇಳಿತವೆಂದು ಪರದೆ ಹೇಳಿತು.

"ನೋಡಬೇಕು" ಎಂದರು ಅಬ್ಲಾ. ಕೇಳಿದ್ದಲ್ಲ, ಹೇಳಿದ್ದು.

ಈ ಸಲ ನಾನು ಯಾರ ಮುಖವನ್ನೂ ನೆನೆಯಲಿಲ್ಲ. ಹಿಂದೊಮ್ಮೆ ಹಾಕಿದ ಬೀಗ ಎದೆಯಲ್ಲಿ ಕೂತಿತ್ತು. ಮಂಗಳವಾರ ಕೆಲಸದಾಕೆ ಬರುವುದು ಹನ್ನೆರಡಕ್ಕೆ, ಗಂಡನಿಗೆ ಹಗಲು ಪಾಳಿ. ಒಂಬತ್ತಕ್ಕೇ ಟ್ಯಾಕ್ಸಿ ಹೇಳಿದ್ದೆ. ಹದಿನೆಂಟು ಮೆಟ್ಟಿಲು ಇಳಿಯಲು ನಮಗೆ ಇಪ್ಪತ್ತು ನಿಮಿಷ ಬೇಕಾಯಿತು. ಅವರ ಬಲಗೈ ಕಂಬಿಯ ಮೇಲೆ, ನನ್ನ ತೋಳು ಅವರ ಸೊಂಟಕ್ಕೆ. ಪ್ರತಿ ಮೆಟ್ಟಿಲಿಗೂ "ಯಲ್ಲಾ, ನಡೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಅವಸರದಲ್ಲಿ ನಾನು ಬಾಗಿಲಿಗೆ ಬೀಗ ಹಾಕುವುದನ್ನು ಮರೆತೆ. ಮರೆತೆನೋ ಬೇಕೆಂದೇ ಬಿಟ್ಟೆನೋ, ಇವತ್ತಿಗೂ ಹೇಳಲಾರೆ.

ಅವರು ನೆನಪಿಟ್ಟುಕೊಂಡ ಬುದಯ್ಯಾದ ದಂಡೆ ಅಲ್ಲಿರಲಿಲ್ಲ. ಸಮುದ್ರವನ್ನು ಮಣ್ಣು ಹಾಕಿ ತುಂಬಿಸಿದ್ದರು. ತಗಡಿನ ಬೇಲಿ, ಅದರಾಚೆ ಕಟ್ಟುತ್ತಿದ್ದ ವಿಲ್ಲಾಗಳು. ಟ್ಯಾಕ್ಸಿಯವನು ಎರಡು ಸಲ ಸುತ್ತು ಹೊಡೆದ. ಕೊನೆಗೆ ದೋಣಿ ಎಳೆದಿಡುವ ಒಂದು ಸಣ್ಣ ಜಾಗ ಸಿಕ್ಕಿತು. ಅಲ್ಲಿಂದ ದೂರದಲ್ಲಿ ಒಂದು ಹದ್ರಾ ಕಾಣುತ್ತಿತ್ತು, ಯಾರದೋ. ಈಗ ಗರಿಯಲ್ಲ, ತಂತಿಬಲೆ. ನೀರು ಇನ್ನೂ ಅದರ ಬುಡದಲ್ಲಿತ್ತು. ಅಬ್ಲಾ ಕಾರಿನ ಬಾಗಿಲು ತೆಗೆಸಿ, ಕಾಲು ಹೊರಗೆ ಚಾಚಿ, ವಾಚು ನೋಡುತ್ತ ಕೂತರು. ಹತ್ತೂವರೆಯಾಯಿತು. ನೀರು ಇಳಿಯುತ್ತಲೇ ಇತ್ತು. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ನಿಂತಿತು.

"ಇಪ್ಪತ್ತು ನಿಮಿಷ ತಪ್ಪು" ಎಂದು ಅವರು ಸಂತೋಷದಿಂದ ಹೇಳಿದರು. ನಂತರ ಮೂಗು ಮೇಲೆತ್ತಿ, "ಗಾಳಿ ಇದೆ" ಎಂದರು.

ಅಷ್ಟರಲ್ಲಿ ನನ್ನ ಮೊಬೈಲು ಹೊಡೆದುಕೊಂಡಿತು. ಕೆಲಸದಾಕೆ ಬೇಗ ಬಂದು, ತೆರೆದ ಬಾಗಿಲು ನೋಡಿ, ಯಜಮಾನನಿಗೆ ಫೋನು ಮಾಡಿದ್ದಳು.

ನಾವು ತಲುಪುವ ಹೊತ್ತಿಗೆ ಅವನು ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಕೂಗಾಡಲಿಲ್ಲ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಮೇಲೆ ಕೊಂಡೊಯ್ದ ಮೇಲೆ ನನ್ನ ಮುಂದೆ ಕೈ ಚಾಚಿದ. ಬೀಗದ ಕೈ ಕೊಟ್ಟೆ. "ನಿಮ್ಮನ್ನು ನಂಬಿ ಕೊಟ್ಟಿದ್ದೆ ಸಿಸ್ಟರ್" ಎಂದ, ಅಷ್ಟೇ. ಅವನ ಹೆದರಿಕೆಯೂ ನಿಜವೇ ಆಗಿತ್ತು. ದಾರಿಯಲ್ಲಿ ಅವರಿಗೆ ಏನಾದರೂ ಆಗಿದ್ದರೆ ನಾನು ಯಾರಿಗೆ ಏನು ಹೇಳುತ್ತಿದ್ದೆ?

ಗಂಡ ಮಾತ್ರ ಕೂಗಾಡಿದರು. ಮನೆಯಲ್ಲಿ ನಾವು ಆಡುವುದು ಕೊಂಕಣಿ; ಆ ಮಾತನ್ನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ನಿಂಗೆ ಎಂತ ಆಗಿದೆ ಮಾರಾಯ್ತಿ? ಅವರು ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗುದು? ಸಲ್ಮಾಬಾದಿಗೆ ಬೇರೆ ಹೋಗಿದ್ದೀಯಂತೆ, ಮೊಬೈಲ್ ಅಂಗಡಿಯವ ಹೇಳಿದ. ನಂಗೆ ಒಂದು ಮಾತು ಹೇಳ್ಲಿಕ್ಕಾಗಲಿಲ್ವಾ?"

"ಹೇಳಿದ್ರೆ ಬೇಡ ಅಂತಿದ್ರಿ."

"ಬೇಡ ಅಂತಿದ್ದೆ, ಹೌದು!"

ಮನೆ ಖಾಲಿ ಮಾಡಿಸಲಿಲ್ಲ. ಆದರೆ ಆ ವಾರದ ಕೊನೆಯಲ್ಲಿ ಯಜಮಾನ ಅತ್ತೆಯನ್ನು ತನ್ನ ಮನೆಗೇ ಕರೆದುಕೊಂಡು ಹೋದ. ಅವರು ಹೋಗುವುದಿಲ್ಲವೆಂದು ಅರಬ್ಬಿಯಲ್ಲಿ ಜಗಳಾಡುವುದು ಮೂರನೆಯ ಮಹಡಿಗೂ ಕೇಳಿಸಿತು. ನಾನು ಅಡುಗೆಮನೆಯಲ್ಲೇ ನಿಂತಿದ್ದೆ, ಇಳಿದು ಹೋಗುವ ಧೈರ್ಯವಾಗಲಿಲ್ಲ. ಆಮೇಲೆ ಮತ್ತೆ ಅದೇ ಸಂದಿ, ಅದೇ ಪಾರಿವಾಳ. ಮೊದಲು ಅದು ಹೇಗೋ ಸಹಿಸಿಹೋಗುತ್ತಿತ್ತು. ಈಗ ಬೆಳಿಗ್ಗೆ ಎಂಟರಿಂದ ಎರಡರವರೆಗೆ ಗೋಡೆಗಳು ಒಂದೊಂದು ಅಡಿ ಒಳಗೆ ಸರಿದಂತೆ ಅನಿಸುತ್ತಿತ್ತು. ಕುಕ್ಕರಿನ ಸೀಟಿ ಲೆಕ್ಕ ಮಾಡುತ್ತ ಅಳುತ್ತಿದ್ದೆ. ಎರಡು ಗಂಟೆಗೆ ಮುಖ ತೊಳೆದು ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಒಂದೂವರೆ ತಿಂಗಳ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಬಿಂತಿ, ಮತ್ತೆ ಗೆರೆಗಳು."

ನಾನು ಒಲೆ ಆರಿಸಿದೆ. ಆಮೇಲೆ, "ಎಂಟರಲ್ಲಿ ಎಷ್ಟನೆಯದು?" ಎಂದು ಕೇಳಿದೆ.

"ಮೂರನೆಯದೇ."

ಚಿಪ್ ಹೋಗಿರಲಾರದು ಎನಿಸಿತು. ಸಾಕೆಟ್ಟಿನಲ್ಲಿ ಕೂರಿಸಿದ ಚಿಪ್ ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಿ ಸ್ವಲ್ಪ ಸ್ವಲ್ಪವೇ ಮೇಲೆದ್ದು ಬರುತ್ತದೆ. ಗಾಳಿಯಾಡದ ಅಷ್ಟು ಸಣ್ಣ ಡಬ್ಬಿಯಲ್ಲಿ ಅದು ಇನ್ನೂ ಬೇಗ. ಒತ್ತಿ ಕೂರಿಸಿದರೆ ಸಾಕು. ಆದರೆ ಒತ್ತುವವರು ಯಾರು?

"ಮನೆಯಲ್ಲಿ ಯಾರಿದ್ದಾರೆ?"

"ಎಲ್ಲ ಇದ್ದಾರೆ. ಅದನ್ನು ಮುಟ್ಟಲು ಯಾರನ್ನೂ ಬಿಡುವುದಿಲ್ಲ ನಾನು. ನೀನು ಹೇಳು, ನಾನು ಮಾಡುತ್ತೇನೆ."

ಪದೇಪದೇ ಬಿಚ್ಚಬೇಕಾದೀತೆಂದು ನಾನು ಸ್ಕ್ರೂ ಹಾಕದೆ ಟೇಪು ಅಂಟಿಸಿ ಬಿಟ್ಟಿದ್ದೆ. ಅಡಾಪ್ಟರ್ ಕಳಚಲು ಹೇಳಿದೆ. ಟೇಪು ಕೀಳಲು ಹೇಳಿದೆ. ಮೇಲಿನ ಹೊದಿಕೆಯನ್ನು ತಮ್ಮ ಕಡೆಯಿಂದ ಆಚೆಗೆ ಮಗುಚಬೇಕು, ಪಟ್ಟಿಗಳನ್ನು ಎಳೆಯಬಾರದು. ಫೋನನ್ನು ಮೇಜಿನ ಮೇಲಿಟ್ಟು ಅವರು ಏದುಸಿರು ಬಿಡುತ್ತ ಕೆಲಸ ಮಾಡುವುದು ಕೇಳುತ್ತಿತ್ತು. ಒಮ್ಮೆ ಏನೋ ಬಿತ್ತು. "ಖಲಾಸ್, ಬಿಡು, ಏನೂ ಆಗಿಲ್ಲ" ಎಂದರು. ಎಡಗೈಯನ್ನು ಬಲಗೈಯಿಂದ ಎತ್ತಿ ಬೋರ್ಡಿನ ಅಂಚಿನ ಮೇಲೆ ಭಾರಕ್ಕೆ ಇಟ್ಟುಕೊಂಡರಂತೆ, ಬೋರ್ಡು ಸರಿಯದ ಹಾಗೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

"ಸಾಲಿನಲ್ಲಿ ಮೂರನೆಯದು ಉಳಿದವುಗಳಿಗಿಂತ ಎತ್ತರ ಉಂಟಾ? ಹೆಬ್ಬೆರಳು ಇಟ್ಟು ಒತ್ತಿ."

"ಒತ್ತಿದೆ."

"ಇನ್ನೂ ಜೋರಾಗಿ. ಸದ್ದು ಬರಬೇಕು."

ಟಕ್ ಎಂದದ್ದು ನನಗೇ ಕೇಳಿಸಿತು. ಅಡಾಪ್ಟರ್ ಸಿಕ್ಕಿಸಿದರು. ಆಮೇಲೆ ಅಬ್ಲಾ ಯಾರನ್ನೋ ಅರಬ್ಬಿಯಲ್ಲಿ ಜೋರಾಗಿ ಕರೆದರು, ಇನ್ನೊಬ್ಬರನ್ನೂ ಕರೆದರು. ಮನೆಮಂದಿಯನ್ನೆಲ್ಲ ಕರೆದು ತೋರಿಸುತ್ತಿದ್ದರು. ನನ್ನ ಫೋನು ಇಡುವುದನ್ನೂ ಮರೆತಿದ್ದರು.

ಆ ಶುಕ್ರವಾರ, ಇಲ್ಲಿಯ ವಾರದ ರಜೆಯಂದು, ಇಗರ್ಜಿಯ ಪೂಜೆಯಿಂದ ಬರುವಾಗ ಕಾರಿನಲ್ಲಿ ಗಂಡನಿಗೆ ಹೇಳಿದೆ, ಸಲ್ಮಾಬಾದಿನ ಕಾಕಾ ಹೇಳಿದ ಕೆಲಸಕ್ಕೆ ಹೋಗಬೇಕೆಂದು. ಮಗಳು ಹಿಂದೆ ನಿದ್ದೆ ಮಾಡಿದ್ದಳು.

"ಈಗ ನಿನ್ನ ವೀಸಾ ನನ್ನ ಹೆಸರಲ್ಲುಂಟು. ಕಂಪೆನಿ ಹೆಸರಿಗೆ ಹೋದ ಮೇಲೆ ನಾಳೆ ಅವರು ಬೇಡ ಅಂದ್ರೆ? ನೀನು ಊರಿಗೆ, ನಾವಿಬ್ಬರು ಇಲ್ಲಿ. ಅದು ಆಗುದಾ?" ಎಂದು ಅವರು ಕೇಳಿದರು. ಈ ಸಲ ದನಿ ಏರಿರಲಿಲ್ಲ.

"ಗೊತ್ತುಂಟು. ಆದ್ರೂ ಕೇಳ್ತಾ ಇದ್ದೇನೆ."

ಅವರು ಉತ್ತರ ಕೊಡಲಿಲ್ಲ. ಮೂರು ವಾರ ಕೊಡಲಿಲ್ಲ. ಆಮೇಲೊಂದು ದಿನ ಪಾಳಿ ಮುಗಿಸಿ ಬಂದವರು ಬೂಟು ಬಿಚ್ಚುತ್ತ, "ಆ ಕಾಕನ ನಂಬರ್ ಕೊಡು, ನಾನೊಮ್ಮೆ ಮಾತಾಡ್ತೇನೆ" ಎಂದರು.

ಅರ್ಬಾಬ್ ಒಪ್ಪಿದ. ಕಾಗದ ಒಪ್ಪಲಿಲ್ಲ. ನನ್ನ ಡಿಪ್ಲೊಮಾದಲ್ಲಿ ಅಪ್ಪನ ಮನೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಮನೆಯ ಹೆಸರು. ಇಬ್ಬರೂ ಒಬ್ಬಳೇ ಎಂದು ಊರಿನಿಂದ ಬರೆಸಿ, ಮುದ್ರೆ ಹಾಕಿಸಿ ತರಿಸಬೇಕಂತೆ. ಅಮ್ಮ ಎರಡು ಸಲ ಮಂಗಳೂರಿಗೆ ಹೋಗಿ ಬಂದರು. ಮೂರು ತಿಂಗಳಾಯಿತು, ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ ನನಗೆ ತಿಳಿಯದು. ಬೆಳಿಗ್ಗೆ ಎಂಟರಿಂದ ಎರಡರವರೆಗೆ ನಾನು ಈಗಲೂ ಮೂರನೆಯ ಮಹಡಿಯಲ್ಲೇ ಇದ್ದೇನೆ.

ಮೊನ್ನೆ ರಜೆಯ ದಿನ ಗಂಡ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಕಾಗದಕ್ಕಾಗಿ ಪಾಲಿಟೆಕ್ನಿಕ್‌ಗೆ ಪತ್ರ ಟೈಪು ಮಾಡುತ್ತಿದ್ದರು. ನಡುವೆ ತಲೆಯೆತ್ತಿ ಕೇಳಿದರು:

"ನೀನು ಪಾಸಾದದ್ದು ಯಾವ ಕ್ಲಾಸಲ್ಲಿ?"

"ಡಿಸ್ಟಿಂಕ್ಷನ್. ಬ್ಯಾಚಿಗೆ ಎರಡನೆಯವಳು."

"ಹೌದಾ? ನಂಗೆ ಹೇಳ್ಲೇ ಇಲ್ಲ ನೀನು."

"ನೀವು ಕೇಳ್ಲೇ ಇಲ್ಲ."

ಅವರು ತಲೆ ತಗ್ಗಿಸಿ, ಅದನ್ನೂ ಪತ್ರದಲ್ಲಿ ಸೇರಿಸಿದರು.